ಸಗರದ ಮುದುಕಿಗೆ ಕೊಟ್ಟ ಉತ್ತರ

ಸುವಾರ್ತೆ ಸಾರಲು ಹೊರಟ ಮೊದಲ ವರ್ಷ ನನಗೆ ಇಪ್ಪತ್ತೆರಡು. ಶಹಾಪುರದ ಹತ್ತಿರದ ಸಗರ ಎಂಬ ಊರಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ಯೇಸುವನ್ನು ನಂಬದವರಿಗೆ ನರಕವೇ ಗತಿ ಎಂದು ಜೋರಾಗಿ ಹೇಳುತ್ತಿದ್ದೆ. ಜೋಳ ಹಸನು ಮಾಡುತ್ತಿದ್ದ ಮನೆಯ ಮುದುಕಿ ಮೊರ ಕೆಳಗಿಟ್ಟಳು.

"ನನ್ನ ಮಗಳು ಹೋದ ತಿಂಗಳ ಹೆರಿಗ್ಯಾಗ ಸತ್ತಾಳ್ರಿ. ನಿಮ್ಮ ದೇವರ ಹೆಸರೂ ಕೇಳಿದ್ದಿಲ್ಲ. ಆಕಿ ಈಗ ಎಲ್ಲಿ ಅದಾಳ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಸೋತಂತಾಗುತ್ತದೆಂದು, "ನರಕದಾಗ ಅದಾಳವ್ವಾ" ಎಂದೆ.

ಮುದುಕಿ ಬೈಯಲಿಲ್ಲ. "ಬಿಸಲಾಗ ಬಂದೀರಿ, ನೀರು ಕುಡದು ಹೋಗ್ರಿ" ಎಂದು ತಂಬಿಗೆ ತಂದಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ನೀರು ಕುಡಿದು ಶಹಾಪುರಕ್ಕೆ ಮರಳಿದೆ. ಚೆನ್ನಾಗಿ ಬೋಧಿಸಿದೆ ಎಂದು ನಮ್ಮ ಸಭೆಯ ಹಿರಿಯ ಪಾಸ್ಟರರ ಮುಂದೆ ಹೇಳಿಕೊಂಡೆ.

ಕ್ಷಮೆ ಕೇಳುವ ಧೈರ್ಯ ಬರಲು ವರ್ಷಗಳೇ ಹಿಡಿದವು. ಹೋದಾಗ ಮುದುಕಿ ತೀರಿಕೊಂಡಿದ್ದಳು. ಯಾಕೆ ಬಂದಿರಿ ಎಂದು ಅವಳ ಸೊಸೆ ಕೇಳಿದರೆ, ಅವಳಿಗೂ ನನ್ನಿಂದ ನಿಜ ಹೇಳಲಾಗಲಿಲ್ಲ.