ಗೇಟಿನ ಬೋರ್ಡಿನ ಮೇಲೆ ನಿನ್ನ ಹೆಸರು

ಓಬಳೇಶ, ನೀನು ಬರೆದುಕೊಟ್ಟ ಕಾಗದ ನನ್ನ ಕೈಗೆ ಬಂದಿತ್ತು. ಇನ್ಸ್‌ಪೆಕ್ಟರ್ ಎದುರು ನಾನು ‘ಇಲ್ಲ’ ಎಂದದ್ದು ಸುಳ್ಳು. ಬೋರಯ್ಯನ ಕೈ ಹೋದದ್ದು ನಿನ್ನ ಅಲಕ್ಷ್ಯದಿಂದಲ್ಲ, ನನ್ನಿಂದ.

ಇದು ನಿನಗೆ ಹೊಸ ಸುದ್ದಿಯಲ್ಲ. ನಿನಗೆ ಅದೇ ದಿನ ಗೊತ್ತಿತ್ತು — ಒಂದು ಸಲ ಹೇಳಿದೆ, ಯಾರೂ ನಂಬಲಿಲ್ಲ, ಸುಮ್ಮನಾದೆ. ಗೊತ್ತಿಲ್ಲದವರು ಚಳ್ಳಕೆರೆಯಲ್ಲಿ, ಮೊಳಕಾಲ್ಮೂರಿನಲ್ಲಿ ಇನ್ನೂ ಬಹಳ ಜನ ಇದ್ದಾರೆ. ಅದಕ್ಕೇ ನಿನ್ನ ಹೆಸರು ಹಿಡಿದು, ಅವರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಚಳ್ಳಕೆರೆಯ ಹಾಸ್ಟೆಲಿನಲ್ಲಿ ಒಂದೇ ಟ್ರಂಕಿನ ಮೇಲೆ ತಟ್ಟೆ ಇಟ್ಟುಕೊಂಡು ಉಂಡವರು. ನಾನು ನಾಯಕನಹಟ್ಟಿಯ ಅಂಗಡಿಯವರ ಮಗ, ನೀನು ಮೊಳಕಾಲ್ಮೂರಿನ ನೇಕಾರರ ಮಗ. ನಿನಗೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನನ್ನನ್ನು ಕರೆಯುವಾಗ ಮಾತ್ರ ಮೊದಲಿಂದಲೂ ‘ಏಮ್ರಾ ಸೀನಾ’. ನಾನು ಬಿ.ಕಾಂ. ಮಾಡಿ ಶೇಂಗಾ ಎಣ್ಣೆಯ ದೊಡ್ಡ ಕಂಪನಿಯೊಂದರ ಆಫೀಸು ಸೇರಿದೆ. ನೀನು ಐ.ಟಿ.ಐ. ಮುಗಿಸಿ ಅದೇ ಕಂಪನಿಯ ಚಳ್ಳಕೆರೆ ಮಿಲ್ಲಿಗೆ ಫಿಟ್ಟರಾಗಿ ಬಂದೆ. ನನಗೆ ಫೈಲು ಗೊತ್ತಿತ್ತು, ನಿನಗೆ ಯಂತ್ರ ಗೊತ್ತಿತ್ತು. ಕಂಪನಿಯಲ್ಲಿ ಯಾವುದು ಗೊತ್ತಿದ್ದವನು ಮೇಲೆ ಹೋಗುತ್ತಾನೆಂದು ಬೇರೆ ಹೇಳಬೇಕೆ? ತೊಂಬತ್ತರ ದಶಕದ ನಡುವಿನ ಹೊತ್ತಿಗೆ ನಾನು ಆ ಮಿಲ್ಲಿನ ಜನರಲ್ ಮ್ಯಾನೇಜರ್ ಆಗಿದ್ದೆ. ನೀನು ಫೋರ್‌ಮನ್.

ಆಗ ಮುಂಬಯಿಯ ಹೆಡ್ಡಾಫೀಸಿನಿಂದ ಕಾನೂನು ಸಲಹೆಗಾರರೊಬ್ಬರು ಬಂದರು. ತುಂಬಾ ಮೃದುವಾದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. ಕಾರ್ಖಾನೆ ಎಂದರೆ ಕಾನೂನಿನ ಪ್ರಕಾರ ಒಬ್ಬ ಮ್ಯಾನೇಜರನ ಹೆಸರು ಸರ್ಕಾರಕ್ಕೆ ಕೊಟ್ಟಿರಬೇಕು. ಒಳಗೆ ಏನೇ ಅನಾಹುತವಾದರೂ ಮೊದಲು ಕೇಳುವುದು ಆ ಹೆಸರನ್ನು. ಅಲ್ಲಿಯವರೆಗೆ ಆ ಹೆಸರು ನನ್ನದಾಗಿತ್ತು. ‘ನೀವು ಇನ್ನೂ ಮೇಲೆ ಹೋಗುವವರು, ನಿಮ್ಮ ಹೆಸರು ಯಾಕೆ ಅಲ್ಲಿ? ಒಬ್ಬ ನಂಬಿಗಸ್ತನನ್ನು ನೋಡಿ’ ಎಂದರು ಅವರು. ನಾನು ಬಹಳ ಯೋಚಿಸಲಿಲ್ಲ. ನಂಬಿಗಸ್ತ ಎಂದ ಕೂಡಲೇ ನೆನಪಾದವನು ನೀನೊಬ್ಬನೇ — ಇದಕ್ಕಿಂತ ದೊಡ್ಡ ದ್ರೋಹ ಇನ್ನೇನಿದೆ?

ನಿನಗೆ ಎರಡು ಕಾಗದ ಕೊಟ್ಟೆವು. ಒಂದು ನೇಮಕದ ಆದೇಶ: ‘ಕಾರ್ಖಾನೆಯ ಸುರಕ್ಷತೆಗೆ ಮ್ಯಾನೇಜರೇ ಹೊಣೆ.’ ಇನ್ನೊಂದು ಒಳಗಿನ ಪತ್ರ: ‘ಯಾವುದೇ ಯಂತ್ರ ನಿಲ್ಲಿಸುವ ಮುನ್ನ ಜನರಲ್ ಮ್ಯಾನೇಜರ ಅನುಮತಿ ಪಡೆಯತಕ್ಕದ್ದು.’ ಹೊಣೆ ನಿನ್ನದು, ಅಧಿಕಾರ ನನ್ನದು. ನೀನು ಎರಡನ್ನೂ ಓದಿ ನಕ್ಕೆ. ‘ಏಮ್ರಾ ಸೀನಾ, ಎತ್ತು ನಂದು, ಮೂಗುದಾರ ನಿಂದಾ?’ ಎಂದೆ. ನಾನೂ ನಕ್ಕೆ. ಸಹಿ ಹಾಕಿದೆ ನೀನು. ಒಳಗಿನ ಪತ್ರ ಮಾತ್ರ ವಾಪಸು ನನ್ನ ಫೈಲಿಗೇ ಬಂತು.

ಗೇಟಿನ ಪಕ್ಕದ ಬೋರ್ಡಿನಲ್ಲಿ ನನ್ನ ಹೆಸರು ಒರೆಸಿ ನಿನ್ನ ಹೆಸರು ಬರೆಸಿದೆವು. ಅದನ್ನು ನೋಡಲು ನಿಮ್ಮಪ್ಪ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ವಾಚ್‌ಮನ್ ಕೈಲಿ ಓದಿಸಿ, ಯಾವುದು ಮಗನ ಹೆಸರು, ಯಾವುದು ಹುದ್ದೆ ಎಂದು ಬೆರಳಿಟ್ಟು ಕೇಳಿ ತಿಳಿದುಕೊಂಡರು. ಆಮೇಲೆ ನಮ್ಮ ಮನೆಗೆ ಬಂದು, ತಾವೇ ನೇಯ್ದ ರೇಷ್ಮೆ ಸೀರೆಯನ್ನು ನನ್ನ ಹೆಂಡತಿಯ ಕೈಗಿಟ್ಟರು. ‘ನಿನ್ನಿಂದ ನನ್ ಮಗ ಮನುಷ್ಯ ಆದ ಕಣಪ್ಪಾ ಸೀನಪ್ಪ’ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಆ ಕೈಗಳನ್ನು ಬಿಡಿಸಿಕೊಳ್ಳಲಿಲ್ಲ.

ಆ ವರ್ಷದ ಆಯುಧಪೂಜೆ ನೆನಪಿದೆಯಲ್ಲ? ವರ್ಷದಲ್ಲಿ ಮಿಲ್ಲು ಪೂರ್ತಿ ನಿಲ್ಲುವುದು ಅದೊಂದು ದಿನ. ನೀನು ಬೆಳಿಗ್ಗೆಯೇ ಬಂದು ಒಂದೊಂದು ಯಂತ್ರವನ್ನೂ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟೆ. ಎರಡನೇ ಲೈನಿನ ಸ್ಕ್ರೂ ಮಾತ್ರ ಬಿಟ್ಟೆ. ತೊಟ್ಟಿಯೊಳಗೆ ತಿರುಗುತ್ತ ಶೇಂಗಾ ಬೀಜವನ್ನು ಮುಂದಕ್ಕೆ ತಳ್ಳುವ ಉದ್ದನೆಯ ತಿರುಪು ಅದು. ಅದರ ಮೇಲಿನ ಮುಚ್ಚಳ ಮುರಿದು ಎಷ್ಟೋ ದಿನವಾಗಿತ್ತು. ಹತ್ತಿರದ ಸ್ವಿಚ್ಚು ಕೆಟ್ಟಿತ್ತು, ನಿಲ್ಲಿಸಬೇಕಾದರೆ ಶೆಡ್ಡಿನ ಆ ತುದಿಗೆ ಓಡಬೇಕಿತ್ತು. ಬೀಜ ಕಟ್ಟಿಕೊಂಡಾಗ ಆಳುಗಳು ಕೋಲಿನಿಂದ ಕೆದಕುತ್ತಿದ್ದರು, ಕೋಲು ಸಿಗದಿದ್ದರೆ ಕೈಯಿಂದ.

‘ಇದಕ್ಕೂ ಕುಂಕುಮ ಇಡಪ್ಪ, ಫೋಟೋ ಮುಂಬಯಿಗೆ ಹೋಗಬೇಕು’ ಎಂದೆ ನಾನು.

‘ಇಡಲ್ಲ ಸಾರ್. ಕೆಟ್ಟಿದ್ದಕ್ಕೆ ಪೂಜೆ ಮಾಡಿದ್ರೆ, ಸರಿ ಐತೆ ಅಂತ ನಾನು ಒಪ್ಪಿಕೊಂಡಂಗೆ ಆಗ್ತತೆ. ಮೊದ್ಲು ರಿಪೇರಿ, ಆಮೇಲೆ ಪೂಜೆ.’

ನಾಲ್ಕು ಜನರ ಎದುರು ನೀನು ಹಾಗೆ ಅಂದದ್ದು ನನಗೆ ಚುಚ್ಚಿತು. ತಟ್ಟೆಯಿಂದ ಕುಂಕುಮ ತೆಗೆದು ನಾನೇ ಆ ಯಂತ್ರಕ್ಕೆ ಹಚ್ಚಿದೆ. ಕೈ ಕೂಡ ಮುಗಿದೆ.

ಮಾರನೆಯ ದಿನ ನೀನು ಆ ಕಾಗದ ತಂದೆ. ಕಾರ್ಬನ್ ಇಟ್ಟು ಎರಡು ಪ್ರತಿ ಬರೆದಿದ್ದೆ: ಮುಚ್ಚಳ, ಸ್ವಿಚ್ಚು ಎರಡೂ ಸರಿಯಾಗುವವರೆಗೆ ಎರಡನೇ ಲೈನು ನಡೆಸಬಾರದು, ನಡೆಸಿದರೆ ಯಾರದಾದರೂ ಕೈ ಹೋಗುತ್ತದೆ. ಆಫೀಸಿನ ಗುಮಾಸ್ತ ನಿನಗೆ ಬುದ್ಧಿ ಹೇಳಿದ, ಎರಡನೇ ಪ್ರತಿಯ ಮೇಲೆ ಸಾಹೇಬರ ಸಹಿ ಪಡೆದು ನೀನು ಇಟ್ಟುಕೋ ಎಂದು. ಗಾಜಿನ ಈಚೆ ಕೂತಿದ್ದ ನನಗೆ ನಿನ್ನ ಉತ್ತರ ಕೇಳಿಸಿತು. ‘ಅವ್ನ ಹತ್ರ ಸಹಿ ಹಾಕಿಸ್ಕಳಾದಾ? ಒಂದೇ ತಟ್ಟೇಲಿ ಉಂಡೋರು ನಾವು. ನಾಚಿಕೆ ಆಗಲ್ವೇನ್ರಿ?’ ಒಳಗೆ ಬಂದು ಎರಡೂ ಪ್ರತಿಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ನೀನು ಮಾಡಿದ ತಪ್ಪು ಇದೊಂದೇ. ನನ್ನನ್ನು ನಂಬಿದ ತಪ್ಪು.

ಆಗ ತಾನೆ ಶೇಂಗಾ ಸೀಸನ್ ಶುರುವಾಗಿತ್ತು. ಗೇಟಿನಿಂದ ರಸ್ತೆಯವರೆಗೆ ಲಾರಿಗಳ ಸಾಲು. ಎಷ್ಟು ಅರೆದಿರಿ ಎಂದು ಮುಂಬಯಿಯಿಂದ ದಿನಾ ಫೋನು. ಒಂದು ಲೈನು ನಿಲ್ಲಿಸಿದೆನೆಂದರೆ ನನ್ನ ಬಡ್ತಿಯೂ ನಿಂತಂತೆ. ಕಾಗದದ ಕೆಳಗೆ ಪೆನ್ಸಿಲಿನಲ್ಲಿ ‘ಸೀಸನ್ ಮುಗಿಯಲಿ’ ಎಂದು ಬರೆದು, ಹೆಸರಿನ ಎರಡು ಅಕ್ಷರ ಗೀಚಿ, ಡ್ರಾಯರಿನೊಳಗೆ ಹಾಕಿದೆ. ಪೆನ್ಸಿಲಿನಲ್ಲಿ ಬರೆಯುವುದು ನಮ್ಮ ಮಟ್ಟದವರ ಅಭ್ಯಾಸ — ಬೇಕಾದಾಗ ಅಳಿಸಬಹುದಲ್ಲ.

ನೀನು ಒಂದು ದಿನ ಕೇಳದೆಯೇ ಲೈನು ನಿಲ್ಲಿಸಿದೆ. ನಾನು ಶೆಡ್ಡಿಗೆ ಬಂದು, ಆಳುಗಳ ಮುಂದೆಯೇ, ‘ಇಲ್ಲಿ ಜಿ.ಎಂ. ಯಾರು, ನೀನಾ ನಾನಾ?’ ಎಂದು ಕೂಗಾಡಿ ಮತ್ತೆ ಚಾಲೂ ಮಾಡಿದೆ. ಸ್ವಿಚ್ಚು ಒತ್ತಿದ್ದು ನೀನಲ್ಲ. ನೀನು ಒತ್ತಲಿಲ್ಲ. ನಾನು ಒತ್ತಿದೆ.

ಅದಾದ ಎಂಟನೆಯ ದಿನ ಬೋರಯ್ಯನ ಬಲಗೈ ಆ ಸ್ಕ್ರೂಗೆ ಸಿಕ್ಕಿ ಮೊಣಕೈವರೆಗೆ ಹೋಯಿತು. ನನ್ನಿವಾಳದ ಕುರಿಗಾರರ ಮನೆಯವನು, ಕುರಿ ಉಣ್ಣೆ ಕತ್ತರಿಸುವುದರಲ್ಲಿ ಸುತ್ತಿನ ಹಟ್ಟಿಗಳಲ್ಲೆಲ್ಲ ಹೆಸರಾದವನು, ಸೀಸನ್ನಿನಲ್ಲಿ ಮಾತ್ರ ಮಿಲ್ಲಿಗೆ ಬರುತ್ತಿದ್ದ. ಮಟಮಟ ಮಧ್ಯಾಹ್ನ. ಆ ತುದಿಯ ಸ್ವಿಚ್ಚಿನವರೆಗೆ ಓಡಿದವನು ನೀನು. ಅವನನ್ನು ಎತ್ತಿಕೊಂಡು ಜೀಪಿಗೆ ಹಾಕಿದವನೂ ನೀನು. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಗೊತ್ತೆ? ಡ್ರಾಯರು ತೆಗೆಯುತ್ತಿದ್ದೆ. ಕಾರ್ಬನ್ ಪ್ರತಿಯನ್ನು ಬಾಯ್ಲರಿನ ಬೆಂಕಿಗೆ ನನ್ನ ಕೈಯಿಂದಲೇ ಹಾಕಿದೆ. ಮೂಲ ಪ್ರತಿಯನ್ನೂ ಹಾಕಬೇಕಿತ್ತು. ಯಾಕೆ ಹಾಕಲಿಲ್ಲವೋ — ನಿನ್ನ ಅಕ್ಷರ ಕಂಡು ಕೈ ಹಿಂದೆ ಬಂತು ಎಂದರೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಅದು ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ.

ಅಂದೇ ಸಂಜೆ ಸರ್ಕಾರದ ಕಾರ್ಖಾನೆ ಇನ್ಸ್‌ಪೆಕ್ಟರ್ ಬಂದರು. ನಾನು ನೇಮಕದ ಆದೇಶವನ್ನು ಮುಂದಿಟ್ಟೆ. ಒಳಗಿನ ಪತ್ರವನ್ನು ಇಡಲಿಲ್ಲ.

‘ಮುಚ್ಚಳ ಇಲ್ಲ, ಸ್ವಿಚ್ಚು ಕೆಟ್ಟಿದೆ ಅಂತ ಮ್ಯಾನೇಜರು ನಿಮಗೆ ಬರವಣಿಗೆಯಲ್ಲಿ ಏನಾದರೂ ಕೊಟ್ಟಿದ್ದರಾ?’

‘ಇಲ್ಲ.’

ನೀನು ಪಕ್ಕದಲ್ಲೇ ನಿಂತಿದ್ದೆ. ಅಂಗಿಯ ಮೇಲೆ ಬೋರಯ್ಯನ ರಕ್ತ ಇನ್ನೂ ಇತ್ತು. ನೀನು ಸಿಟ್ಟಾಗಲಿಲ್ಲ. ನಾನು ಮರೆತಿರಬಹುದು ಎಂದೇ ಆ ಕ್ಷಣದಲ್ಲೂ ನಂಬಿದ್ದೆಯೇನೋ — ‘ಸಾರ್, ಕೊಟ್ಟಿದ್ದೆ. ಒಂದ್ ಸಲ ನೆನಪು ಮಾಡ್ಕಳ್ರಿ’ ಎಂದೆ.

‘ನನಗೆ ಯಾವ ಕಾಗದವೂ ಬಂದಿಲ್ಲ.’

ಆಗ ನೀನು ನನ್ನನ್ನು ನೋಡಿದೆ. ಆ ನೋಟವನ್ನು ನಾನಿಲ್ಲಿ ವರ್ಣಿಸಲಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ ವಿನಾಕಾರಣ ಹೊಡೆದಿದ್ದೆ. ಅವಳೂ ಹಾಗೇ ನೋಡಿದ್ದಳು. ನೋವಿಗಿಂತ ಮೊದಲು ಬರುವ ಆಶ್ಚರ್ಯ ಅದು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಗುಮಾಸ್ತನೂ ಆಳುಗಳೂ ಕೆಲಸ ಹೋದೀತೆಂದು ಹೆದರಿ ‘ನಮಗೆ ಗೊತ್ತಿಲ್ಲ’ ಎಂದರು. ಕೋರ್ಟು ನಿನ್ನನ್ನು ತಪ್ಪಿತಸ್ಥ ಎಂದಿತು, ಕಂಪನಿ ನಿನ್ನನ್ನು ತೆಗೆದುಹಾಕಿತು, ಬೋರ್ಡಿನ ಮೇಲೆ ಬೇರೆ ಹೆಸರು ಬಂತು. ನೀನು ಊರಿಗೆ ಹೋಗಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟೆ. ನನಗೆ ಬಡ್ತಿ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಮಿಲ್ಲು ಮುಚ್ಚಿದಾಗ ಅದೇ ಕಂಪನಿ ನನ್ನನ್ನೂ ಅಷ್ಟೇ ಮೃದುವಾಗಿ ಹೊರಗೆ ಹಾಕಿತು. ನನಗೂ ಮೋಸವಾಯಿತು ಎಂದು ಹೇಳಿ ನಿನ್ನ ಪಕ್ಕದಲ್ಲಿ ಬಂದು ನಿಲ್ಲುವುದಿಲ್ಲ. ಆ ಜಾಗ ನನ್ನದಲ್ಲ.

ಆದರೆ ಆಮೇಲೆ ನೀನು ಮಾಡಿದ್ದನ್ನು ನೆನೆದರೆ ಈಗ ನನಗೆ ನೆಮ್ಮದಿ ಎಂಬುದಿಲ್ಲ. ಕುರಿ ಉಣ್ಣೆ ಕತ್ತರಿಸುವ ಕಾಲಕ್ಕೆ ವರ್ಷಕ್ಕೆರಡು ಸಲ ನನ್ನಿವಾಳಕ್ಕೆ ಹೋಗಿ, ಬೋರಯ್ಯನ ಕುರಿಗಳ ಉಣ್ಣೆ ನೀನು ಕತ್ತರಿಸಿಕೊಡುತ್ತಿದ್ದೆಯಂತೆ. ನೇಕಾರರ ಮಗ, ಹಿಂದೆಂದೂ ಕುರಿ ಮುಟ್ಟದವನು. ಮೊದಲ ವರ್ಷ ಕುರಿಗಳ ಚರ್ಮಕ್ಕೆಲ್ಲ ಗಾಯ ಮಾಡಿ ಬೈಸಿಕೊಂಡೆಯಂತೆ. ಜನ ಏನಂದರು? ‘ತಪ್ಪು ಮಾಡ್ದೋನೇ ಅಲ್ವಾ ಹಂಗೆ ಬಂದು ದುಡಿಯಾದು?’ ಅಂದರು. ನಿನ್ನ ಒಳ್ಳೆಯತನವನ್ನೇ ನಿನ್ನ ತಪ್ಪೊಪ್ಪಿಗೆ ಎಂದುಕೊಂಡರು. ಮಿಲ್ಲಿನವರು ಬಂದು ಅದನ್ನು ಹೇಳಿದಾಗ ನಾನು — ಹೇಳಿಯೇ ಬಿಡುತ್ತೇನೆ — ಒಳಗೊಳಗೇ ಹಗುರಾಗಿದ್ದೆ.

ಕಳೆದ ತಿಂಗಳು ಕಾಗದ ತೆಗೆದುಕೊಂಡು ನಿನ್ನ ಅಂಗಡಿಗೆ ಬಂದೆ. ಒಂಬತ್ತು ವರ್ಷ ಅದನ್ನು ನಿಮ್ಮಪ್ಪ ಕೊಟ್ಟ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ. ನನ್ನ ಹೆಂಡತಿ ಅದನ್ನು ಕಂಡ ದಿನದಿಂದ ಆ ಸೀರೆ ಉಟ್ಟಿಲ್ಲ. ನೀನು ಗ್ರೀಸು ಕೈ ಒರೆಸಿಕೊಂಡು ‘ಬರ್ರಿ ಸಾರ್’ ಎಂದೆ, ಸ್ಟೂಲು ಕೊಟ್ಟೆ. ಕಾಗದವನ್ನು ಪೂರ್ತಿ ಓದಿದೆ, ಕೆಳಗಿನ ಪೆನ್ಸಿಲಿನ ಸಾಲನ್ನೂ.

‘ಕೇಸು, ಕೆಲ್ಸ, ಅವೆಲ್ಲ ಬಿಡ್ರಿ’ ಎಂದೆ ಆಮೇಲೆ. ‘ನಮ್ಮಪ್ಪ ಸಾಯೋ ತನಕ ನನ್ನ ನಂಬಲಿಲ್ಲ. ಸೀನಪ್ಪ ಸುಳ್ಳು ಹೇಳೋ ಪೈಕಿ ಅಲ್ಲ, ನೀನೇ ಎಲ್ಲೋ ಮೈಮರ್ತಿದ್ದೀಯ ಅಂತಿದ್ದ. ನಿಮ್ಮ ಮಾತೇ ನಂಬ್ಕಂಡು ಸತ್ತ.’

ನಾನು ಕಾಲು ಹಿಡಿಯಲು ಬಗ್ಗಿದೆ. ನೀನು ಹಿಂದಕ್ಕೆ ಸರಿದೆ.

‘ಇದನ್ನ ನಂಗ್ಯಾಕೆ ತಂದ್ರಿ? ಬರ್ದೋನು ನಾನೇ, ನಂಗೆ ಗೊತ್ತೈತೆ. ಗೊತ್ತಿಲ್ದೋರಿಗೆ ಓದಿ ಹೇಳ್ರಿ. ನನ್ನಿವಾಳಕ್ಕೆ ಹೋಗ್ರಿ.’ ಕಾಗದ ನನ್ನ ಕೈಗೆ ವಾಪಸು ಕೊಟ್ಟು, ಬಿಚ್ಚಿಟ್ಟ ಮೋಟಾರಿನ ಕಡೆ ತಿರುಗಿದೆ.

ಹೋದೆ. ನಿನ್ನೆ ಬೆಳಿಗ್ಗೆ. ಬೋರಯ್ಯ ಕುರಿರೊಪ್ಪದ ಮುಂದೆ ಕೂತಿದ್ದ. ನಾನು ಯಾರೆಂದು ಹೇಳಿಕೊಂಡು, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಡ್ರಾಯರಿನ ಸಂಗತಿ, ಬಾಯ್ಲರಿನ ಸಂಗತಿ ಎಲ್ಲ ಹೇಳಿದೆ. ಅವನು ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ನೆಲ ನೋಡುತ್ತ ಕೇಳಿದ್ದು ಬೇರೆ.

‘ಅಂಗಾದ್ರೆ ಓಬಳೇಶಣ್ಣ ಇಷ್ಟು ವರ್ಷ ಯಾಕ್ ಬತ್ತಿದ್ರು?’

‘ಬೋರ್ಡಿನ ಮೇಲೆ ಅವನ ಹೆಸರಿತ್ತಲ್ಲಪ್ಪ’ ಎಂದೆ.

ಬೋರಯ್ಯ ತಲೆಯೆತ್ತಿದ. ‘ನಿಮ್ ಹೆಸ್ರು ಎಲ್ಲಿತ್ತು ಸಾರ್?’

ನಾನು ಕಾಗದದ ಕೆಳಗೆ ಬೆರಳಿಟ್ಟು ತೋರಿಸಿದೆ. ಅಲ್ಲಿಯೂ ಹೆಸರಿರಲಿಲ್ಲ, ಮಾಸಿಹೋದ ಎರಡು ಅಕ್ಷರ ಅಷ್ಟೆ. ಅವನು ಬಗ್ಗಿ ನೋಡಿ, ‘ಕಾಣಾಕಿಲ್ವಲ್ಲ’ ಎಂದ.

ಓಬಳೇಶ, ನಿನ್ನ ಕ್ಷಮೆ ಕೇಳುವುದಿಲ್ಲ. ನೀನು ಕೊಟ್ಟರೂ ನಿಮ್ಮಪ್ಪ ಕೊಡಲಾರರು. ಕಾಗದ ಬೋರಯ್ಯನ ಮನೆಯಲ್ಲೇ ಇದೆ, ಯಾರು ಕೇಳಿದರೂ ತೋರಿಸಲಿ ಎಂದು ಬಿಟ್ಟು ಬಂದಿದ್ದೇನೆ. ಅದರ ಕೆಳಗೆ, ಪೆನ್ಸಿಲಿನ ಗೀಚಿನ ಪಕ್ಕದಲ್ಲಿ, ಅವನ ಎದುರೇ ಪೆನ್ನಿನಲ್ಲಿ ಬರೆದದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ.

ಈ ಕಾಗದ ನನಗೆ ತಲುಪಿತ್ತು. ಯಂತ್ರ ನಡೆಸಿದವನು ನಾನು — ನಾಯಕನಹಟ್ಟಿಯ ಶ್ರೀನಿವಾಸ, ಆಗಿನ ಜನರಲ್ ಮ್ಯಾನೇಜರ್.