ಹೊನ್ನೆ ದಿಮ್ಮಿಯ ಹಿಂದೆ ಅಜ್ಜಂಪುರಕ್ಕೆ

ಕಡೂರಿನಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟೆ. ತರೀಕೆರೆಗೆ ಸುಮಾರು ಮೂವತ್ತೈದು ಕಿಲೋಮೀಟರ್. ನನ್ನ ಹೆಂಡತಿ ಗಿರಿಜಾ ಒಂಬತ್ತು ವರ್ಷ ಇದೇ ದಾರಿಯಲ್ಲಿ ಓಡಾಡಿದಳು. ಅಲ್ಲಿನ ಸರ್ಕಾರಿ ನಾಟಾ ಡಿಪೋದಲ್ಲಿ ಅವಳು ಫಾರೆಸ್ಟ್ ಗಾರ್ಡ್. ಕಾಡಿನಲ್ಲಿ ಗಾಳಿಗೆ ಬಿದ್ದ ಮರ, ಒಣಗಿ ನಿಂತ ಮರಗಳನ್ನು ಕೊಯ್ಯಿಸಿ ತಂದ ಮೇಲೆ, ಅಳತೆ ಹಿಡಿದು ದಿಮ್ಮಿಯ ತುದಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆಯುವುದು ಅವಳ ಕೆಲಸ. ಒಂದು ಸಲ ಬಂದು ನೋಡಿ ಎಂದು ಎಷ್ಟೋ ಸಲ ಕರೆದಿದ್ದಳು. ನಾನು ದರ್ಜಿ. ಅಂಗಡಿ ಮುಚ್ಚಿ ದಿಮ್ಮಿ ನೋಡಲು ಹೋಗುವುದೇ ಎಂದು ನಗುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಎಂಟು ದಿನಕ್ಕೆ ತೀರಿಕೊಂಡಳು.

ಅವಳ ಜೊತೆ ಕೆಲಸ ಮಾಡುತ್ತಿದ್ದ ಸವಿತಾ ಹಿಂದಿನ ದಿನ ಫೋನ್ ಮಾಡಿದ್ದಳು. "ಭಾವ, ಅಕ್ಕ ನಂಬರ್ ಬರೆದ ದಿಮ್ಮೀಲಿ ಒಂದೇ ಉಳಿದಿರೋದು. ಅದೂ ಹರಾಜಲ್ಲಿ ಹೋಯ್ತು. ನಾಳೆ ಲೋಡ್ ಆಗುತ್ತೆ." ಮನೆಯಲ್ಲಿ ಗಿರಿಜಾಳ ಬರಹವೆಂದು ಉಳಿದಿದ್ದು ಗ್ಯಾಸ್ ಪುಸ್ತಕದ ಒಂದು ಸಹಿ ಮಾತ್ರ. ಆ ನಂಬರಿರುವ ತುದಿಯನ್ನು ಹೇಗಾದರೂ ಕೇಳಿ ತರಬೇಕೆಂದು ಹೊರಟಿದ್ದೆ.

ತರೀಕೆರೆಯಲ್ಲಿ ಇಡ್ಲಿ ತಿಂದು, ಲಿಂಗದಹಳ್ಳಿ ಕಡೆ ಹೋಗುವ ಆಟೋ ಹಿಡಿದು ಡಿಪೋ ಮುಂದೆ ಇಳಿದೆ. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮತ್ತಿ, ನಂದಿ, ಸಾಗುವಾನಿ ಎಂದು ಬೇರೆಬೇರೆ ಮರಗಳ ಸಾಲು. ಹರಾಜು ಈಗ ಕಂಪ್ಯೂಟರಿನಲ್ಲೇ ಮುಗಿಯುವುದರಿಂದ ಗದ್ದಲವಿಲ್ಲ. ಒಂದು ಲಾರಿ, ನಾಲ್ಕು ಜನ ಹಮಾಲರು, ಅಷ್ಟೆ. ಸವಿತಾ ಕೊನೆಯ ಸಾಲಿಗೆ ಕರೆದುಕೊಂಡು ಹೋಗಿ ಒಂದು ಹೊನ್ನೆ ದಿಮ್ಮಿ ತೋರಿಸಿದಳು. ೪೭೩. ನಾಲ್ಕರ ಬಾಲವನ್ನು ಉದ್ದಕ್ಕೆ ಎಳೆಯುವುದು ಗಿರಿಜಾಳ ಅಭ್ಯಾಸ. ಮೂರರ ಮೇಲೆ ಮಾತ್ರ ಮಣ್ಣು ಮೆತ್ತಿಕೊಂಡಿತ್ತು.

ಹೊಲಿಗೆಯವನ ಕೈ. ಬಟ್ಟೆಯ ಮೇಲೆ ಕಲೆ ಕಂಡರೆ ಒದ್ದೆ ಮಾಡಿ ಉಜ್ಜುವುದು ರೂಢಿ. ಸವಿತಾ ಸಾಗಣೆಯ ಪಾಸ್ ಬರೆಯಲು ಒಳಗೆ ಹೋಗಿದ್ದಳು. ಬಾಟಲಿಯ ನೀರಿನಲ್ಲಿ ಕರ್ಚೀಫು ನೆನೆಸಿ ಮಣ್ಣು ಉಜ್ಜತೊಡಗಿದೆ.

"ನೋಡ್ರೋ, ಯಾರೋ ಮರಕ್ಕೆ ಸ್ನಾನ ಮಾಡಿಸ್ತಾವ್ರೆ!" ಎಂದು ಹಮಾಲನೊಬ್ಬ ಕೂಗಿದ. ನಾನೂ ನಕ್ಕೆ. ಮತ್ತೆ ನೋಡಿದಾಗ ಮಣ್ಣಿನ ಜೊತೆ ಮೂರರ ಅಂಕಿಯೂ ಇರಲಿಲ್ಲ. ಒಂದು ವರ್ಷದ ಮಳೆ ಬಿಸಿಲಿಗೆ ಚಕ್ಕೆಯೆದ್ದಿದ್ದ ಬಣ್ಣ ಕರ್ಚೀಫಿಗೆ ಬಂದುಬಿಟ್ಟಿತ್ತು.

ದಿಮ್ಮಿ ಕೊಂಡಿದ್ದ ಅಜ್ಜಂಪುರದ ಸಾಮಿಲ್ಲಿನ ರುದ್ರಪ್ಪನವರು ಓಡಿ ಬಂದರು. "ಎಂಥ ಕೆಲ್ಸ ಮಾಡಿದ್ರಿ ಕಣ್ರೀ! ನಂಬರ್ ಇಲ್ದೆ ಹೋದ್ರೆ ಚೆಕ್‌ಪೋಸ್ಟಲ್ಲಿ ನನ್ನ ಕಳ್ಳ ಅಂತಾರೆ!" ಸವಿತಾ ಬಂದಳು. ನನ್ನ ಕೈಯ ಕರ್ಚೀಫು ನೋಡಿದಳು. ರಿಜಿಸ್ಟರ್ ತಂದು, ದಿಮ್ಮಿಗೆ ಹೊಡೆದ ಇಲಾಖೆಯ ಸುತ್ತಿಗೆ ಮುದ್ರೆಯನ್ನೂ ಅಳತೆಯನ್ನೂ ತಾಳೆ ನೋಡಿದಳು. ಆಮೇಲೆ ಬಣ್ಣದ ಡಬ್ಬಿ ಹಿಡಿದು, "ಬರೀಲಾ ಭಾವ?" ಎಂದಳು.

"ಬರಿಯಮ್ಮ."

ಸವಿತಾಳ ಮೂರು ದುಂಡಗೆ, ಚಿಕ್ಕದಾಗಿ ಕೂತಿತು.

ಆಮೇಲೆ ಸವಿತಾಳೇ ನನ್ನ ವಿಷಯ ಹೇಳಿರಬೇಕು. ರುದ್ರಪ್ಪನವರು ದನಿ ತಗ್ಗಿಸಿ ಬಂದರು. "ಮಿಲ್ಲಿಗೆ ಹೋಗಿ ಪಾಸ್ ತೋರ್ಸೋವರೆಗೂ ತುದಿ ಮುಟ್ಟಂಗಿಲ್ಲ. ಆಮೇಲೆ ಹೆಂಗೂ ಸೀಳು ಬಿಟ್ಟಿರೋ ತುದಿ ಕೊಯ್ದು ಒಲೆಗೆ ಹಾಕ್ತೀವಿ. ಲಾರಿ ಹತ್ತಿ, ಕೊಡ್ತೀನಿ."

ಡ್ರೈವರ್ ಪಕ್ಕ ಕೂತು ಹೋದೆ. ಚೆಕ್‌ಪೋಸ್ಟಿನಲ್ಲಿ ಒಬ್ಬ ಗಾರ್ಡ್ ಕಾಗದ ಹಿಡಿದು, ಮೂರು ಅಂಕಿಯನ್ನೂ ಒಂದೊಂದಾಗಿ ಬೆರಳಿಟ್ಟು ಓದಿ, "ಹೋಗ್ಲಿ" ಎಂದ. ಅಲ್ಲಿಂದ ಮುಂದೆ ಬಯಲು, ಈರುಳ್ಳಿ ಹೊಲಗಳು. ಡ್ರೈವರ್ ಫೋನಿನಲ್ಲಿ ಹೆಂಡತಿಯ ಜೊತೆ ಊಟದ ವಿಷಯಕ್ಕೆ ಜಗಳವಾಡುತ್ತಿದ್ದ. ನಾನು ಕಿಟಕಿ ಕಡೆ ತಿರುಗಿ ಕೂತೆ.

ಅಜ್ಜಂಪುರದ ಮಿಲ್ಲಿನಲ್ಲಿ ತುದಿ ಕೊಯ್ಯಲು ಎರಡು ನಿಮಿಷ ಹಿಡಿಯಿತು. ಮೊರದಷ್ಟು ಅಗಲ, ಎರಡು ಬೆರಳು ದಪ್ಪ. ರುದ್ರಪ್ಪನವರು ಗೋಣಿಚೀಲ ಕೊಟ್ಟು, ಮಜ್ಜಿಗೆ ಕುಡಿಸಿ, ಸ್ಟೇಷನ್ನಿಗೆ ಬೈಕಿನಲ್ಲಿ ಬಿಡಿಸಿದರು.

ಸಂಜೆಯ ರೈಲಿನಲ್ಲಿ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು, ಚೀಲ ಸರಿಸಿ ನೋಡುತ್ತಿದ್ದೆ. ಪಕ್ಕದಲ್ಲಿ ಬೀರೂರಿಗೆ ಮಗಳ ಬಾಣಂತನಕ್ಕೆ ಹೊರಟಿದ್ದ ಒಬ್ಬ ಅಜ್ಜಿ. ನಡುವೆ ಅವರ ಬುಟ್ಟಿ.

"ಏನಪ್ಪಾ ಅದು, ಮಣೆಯಾ?"

"ಅಲ್ಲ ಅಜ್ಜಿ. ನನ್ನ ಹೆಂಡ್ತಿ ಬರೆದಿರೋ ನಂಬರ್. ಅವಳು ಈಗಿಲ್ಲ."

ಅಜ್ಜಿ ಬಗ್ಗಿ ನೋಡಿದರು. "ಕೊನೇದು ಬೇರೆಯವ್ರ ಕೈ ಇದ್ದಂಗದೆ. ಪಾಪ, ಮುಗಿಸೋಕಾಗ್ಲಿಲ್ವಾ ಆಯಮ್ಮಂಗೆ?"

ಹೌದು ಎಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

"ಅವಳು ಪೂರ್ತಿ ಬರೆದಿದ್ಲು ಅಜ್ಜಿ. ನಾನು ಹೋಗಿ ನೋಡೋಕೆ ಇಷ್ಟು ವರ್ಷ ತಡ ಮಾಡ್ದೆ. ಹೋದೋನು ಒರೆಸ್ಬಿಟ್ಟೆ."

ಅಜ್ಜಿ ಸೀಟಿನ ಮೇಲಿದ್ದ ಬುಟ್ಟಿಯನ್ನು ಎತ್ತಿ ತಮ್ಮ ಕಾಲ ಬಳಿ ಇಟ್ಟುಕೊಂಡರು. "ಇಲ್ಲಿ ಇಡಪ್ಪಾ. ಎಷ್ಟೊತ್ತು ಹೊತ್ಕೊಂಡು ಕೂತಿರ್ತೀಯಾ."

ತುಂಡನ್ನು ಸೀಟಿನ ಮೇಲೆ ಇಟ್ಟೆ. ರೈಲಿನ ಕುಲುಕಾಟಕ್ಕೆ ಬೀಳದಿರಲೆಂದು ಬೀರೂರು ಬರುವವರೆಗೂ ಅದರ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ.