ನಾಗಮಣಕ್ಕನ ನಾಲ್ಕು ಅಚ್ಚು ಬೆಲ್ಲ

ಮದ್ದೂರಿನ ಸ್ಟುಡಿಯೊ ಒಂದರಲ್ಲಿ ಮದುವೆ ಆಲ್ಬಂ ಜೋಡಿಸುವ ಯತೀಶನಿಗೆ ತನ್ನ ಕಣ್ಣಿನ ಮೇಲೆ ಭಾರೀ ಅಭಿಮಾನವಿತ್ತು. ಕೊಪ್ಪದ ಸಣ್ಣತಾಯಮ್ಮನ ಜಗಲಿಯಲ್ಲಿ ಅದು ಎರಡೇ ನಿಮಿಷದಲ್ಲಿ ಇಳಿದುಹೋಯಿತು. ಮೊಮ್ಮಗಳು ನಯನಳ ಮದುವೆ ಆಲ್ಬಂ ಬಿಡಿಸಿದ ಅಜ್ಜಿ, ತಾನಿದ್ದ ಪುಟವನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು ನೋಡಿ, ಹಾಕಿ ನೋಡಿದಳು.

"ಇದ್ರಲ್ಲಿ ನಾನೆಲ್ಲಪ್ಪ? ಅಲ್ಲು ಕಾಣ್ತವೆ, ಬಳೆ ಕಾಣ್ತವೆ. ಮಿಕ್ಕಿದ್ದ ಯಾರ್ ತಕ್ಕೊಂಡೋದ್ರು?"

ಅಜ್ಜಿಯ ಕಪ್ಪು ಮುಖ, ಕಡುಗೆಂಪು ಸೀರೆ, ಹಿಂದಿನ ನೀಲಿ ಪರದೆ ಮೂರೂ ಪ್ರಿಂಟಿನಲ್ಲಿ ಒಂದೇ ಕತ್ತಲಾಗಿದ್ದವು. ಯತೀಶನ ಮಾನಿಟರಿನಲ್ಲಿ ಮಾತ್ರ ಅಂದು ಎಲ್ಲರೂ ಬೆಳದಿಂಗಳಂತೆ ಹೊಳೆದಿದ್ದರು. ಅಷ್ಟು ಹೊಳಪು ಯಾಕೆಂದು ಅವನೇ ಫೋಟೊಗಳ ಬೆಳಕನ್ನು ಒಂದಿಷ್ಟು ಇಳಿಸಿಯೂ ಇದ್ದ. ಜೊತೆಗೆ ಬಂದಿದ್ದ ಸ್ಟುಡಿಯೊ ಮಾಲೀಕ ಶಿವರಾಜು ಆಲ್ಬಂ ಕಂಕುಳಿಗೆ ಸಿಕ್ಕಿಸಿಕೊಂಡು, ಬೈಕಿನ ಹತ್ತಿರ ಬಂದ ಮೇಲೆ ಬಾಯಿ ಬಿಟ್ಟ.

"ಎಂಟ್ ಸಾವ್ರದೊಳ್ಗೆ ಒಂದ್ ಮಾನಿಟರ್ ತಕ್ಕೊ. ಇನ್ನೊಂದ್ಸಲ ಅಜ್ಜಿ ಕಾಣ್ದೆ ಓದ್ರೆ ನೀನೂ ಸ್ಟುಡಿಯೊದಲ್ಲಿ ಕಾಣಂಗಿಲ್ಲ ಕಣ್ಲಾ."

ಯತೀಶ ಮೂರು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ, ಅರ್ಥವಾಗದ ಅಂಕಿಗಳನ್ನೆಲ್ಲ ಬಾಯಿಪಾಠ ಮಾಡಿ, ಮಂಡ್ಯದ ಬಸ್ಸು ಹತ್ತಿದ. ಪೇಟೆಬೀದಿಯ ಸಂದಿಯಲ್ಲಿ ನಾಗಮಣಕ್ಕನ ಹಳೇ ಮಾನಿಟರ್ ಅಂಗಡಿ. ದುದ್ದದ ಹೆಣ್ಣುಮಗಳು. ಹದಿನಾಲ್ಕು ವರ್ಷ ಬೆಲ್ಲದ ಮಂಡಿಯಲ್ಲಿ ಕೂತು, ಬಣ್ಣ ನೋಡಿ ಅಚ್ಚುಗಳನ್ನು ಬೇರೆ ಬೇರೆ ಗುಡ್ಡೆ ಹಾಕಿದವಳು. ಈಗ ಗಂಡ ಮಹದೇವು ಮಾನಿಟರ್ ರಿಪೇರಿ ಮಾಡುತ್ತಾನೆ. ಯಾವುದು ಮಾರಾಟಕ್ಕೆ ಯೋಗ್ಯ, ಯಾವುದು ಗುಜರಿಗೆ ಎಂದು ಹೇಳುವವಳು ಇವಳೇ.

ಯತೀಶ ಅಜ್ಜಿ ಕಾಣದೆ ಹೋದ ಕತೆ, ಎಂಟು ಸಾವಿರದ ಮಿತಿ ಎರಡನ್ನೂ ಹೇಳಿ, ತನ್ನ ಅಂಕಿಗಳನ್ನು ಒಪ್ಪಿಸಿದ. ಅಕ್ಕ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಅದೇ ಅವನಿಗೆ ಹೆಚ್ಚು ನಾಚಿಕೆ ತಂದಿತು.

"ಅದೆಲ್ಲ ಡಬ್ಬದ ಮೇಲೆ ಬರ್ದವ್ರೆ ಕಣಪ್ಪ. ನೀನ್ ಡಬ್ಬ ನೋಡ್ಕಂಡ್ ಕೆಲ್ಸ ಮಾಡ್ತೀಯಾ? ಯಾವ್ದ್ ಬೇಕು, ಕೈ ತೋರ್ಸು."

ಸಾಲಿನಲ್ಲೆಲ್ಲ ಹೆಚ್ಚು ಝಗಮಗಿಸುತ್ತಿದ್ದುದಕ್ಕೆ ಅವನು ಕೈ ತೋರಿಸಿದ. ಅಕ್ಕ ಅದನ್ನು ಕಂಪ್ಯೂಟರಿಗೆ ಜೋಡಿಸಿ ಒಂದು ಫೋಟೊ ತೆರೆದಳು: ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟ ಬೆಲ್ಲದ ಅಚ್ಚುಗಳು. ಡ್ರಾಯರಿನಿಂದ ಅದೇ ಫೋಟೊದ ಪ್ರಿಂಟು ತೆಗೆದು ಪಕ್ಕಕ್ಕೆ ಹಿಡಿದಳು.

"ಸ್ಕ್ರೀನ್‌ನಲ್ಲಿ ಎಷ್ಟ್ ಅಚ್ಚವೆ, ಎಣ್ಸು."

"ಮೂರು."

"ಪ್ರಿಂಟ್‌ನಲ್ಲಿ?"

ಯತೀಶ ಬಗ್ಗಿ ನೋಡಿದ. "ನಾಲ್ಕು."

"ಇನ್ನೊಂದ ಯಾರ್ ತಿಂದ್ರು?"

ಕಡೆಯ ಎರಡು ಕಪ್ಪು ಅಚ್ಚುಗಳು ಸ್ಕ್ರೀನಿನಲ್ಲಿ ಕೂಡಿಕೊಂಡು ಒಂದಾಗಿದ್ದವು. ಮೊದಲ ಅಚ್ಚು ಬೆಳ್ಳಗಾಗಿ, ಬಟ್ಟೆಯ ಮೇಲೆ ಅದರ ಅಂಚಷ್ಟೇ ಕಾಣುತ್ತಿತ್ತು. "ಬೆಲ್ಲಕ್ಕೂ ಇಂಗೇ ಪುಡಿ ಆಕಿ ಬೆಳ್ಳಗೆ ಮಾಡ್ತಾರೆ," ಎಂದಳು ಅಕ್ಕ. "ಅಂಗ್ಡೀಲಿ ಸೆಂದಾಗ್ ಕಾಣ್ತದೆ. ಮನೇಲಿ ಪಾಯ್ಸ ಕಾಸ್ದಾಗ ಗೊತ್ತಾಯ್ತದೆ."

ಆಮೇಲೆ ಅವಳು ಒಂದೊಂದನ್ನೇ ಪರೀಕ್ಷಿಸಿದ ರೀತಿ ನೋಡಿ ಯತೀಶ ಅಂಕಿಗಳನ್ನೆಲ್ಲ ಮರೆತ. ಮೊದಲು ಹೊಳಪು ತಗ್ಗಿಸುವಳು. ಸ್ಕ್ರೀನಿಗೆ ಬರೀ ಕಪ್ಪು ತುಂಬಿ, ಮೇಲೆ ಕಂಬಳಿ ಹೊದಿಸಿ, ತಲೆ ಒಳಗೆ ತೂರಿಸಿ ಅಂಚಿನಲ್ಲಿ ಬೆಳಕು ಸೋರುತ್ತದೆಯೇ ಎಂದು ನೋಡುವಳು. ಬರೀ ಬಿಳಿ ತುಂಬಿ, ಪಕ್ಕಕ್ಕೆ ಹಾಳೆ ಹಿಡಿದು, ನೀಲಿಗೆ ವಾಲಿದೆಯೇ ಎನ್ನುವಳು. ಎಡಕ್ಕೆ ಸರಿದು, ಬಲಕ್ಕೆ ಸರಿದು, ಕುಕ್ಕರಗಾಲಿನಲ್ಲಿ ಕೂತು ಬಣ್ಣ ಬದಲಾಯಿತೇ ಎಂದು ನೋಡುವಳು. ಕಡೆಗೆ ಬೆಲ್ಲ. ಐದು ಮಾನಿಟರ್ ಸೋತವು. ಆರನೆಯದರಲ್ಲಿ ನಾಲ್ಕು ಅಚ್ಚೂ ಪ್ರಿಂಟಿನಂತೆಯೇ ಬೇರೆ ಬೇರೆ ನಿಂತವು.

"ಮಂಕಾಗ್ ಕಾಣ್ತದಲ್ಲಕ್ಕ?"

"ಮಂಕಲ್ಲ, ಸುಳ್ ಏಳಲ್ಲ ಅಷ್ಟೆ. ಆದ್ರೆ ಬಲ್ಗಡೆ ಕೆಳ್ಗೆ ಒಂದ್ ಚುಕ್ಕಿ ಸತ್ತೋಗಿದೆ, ಬೆಳ್ಕೇ ಬರಲ್ಲ, ನೋಡ್ಕೊ. ಅದ್ಕೇ ನಿನ್ ದುಡ್ಗೆ ಬತ್ತಾ ಇರದು. ಆ ಮೂಲೇಲಿ ಅಜ್ಜಿ ಕೂರಿಸ್ಬೇಡ."

ಅಕ್ಕ ಅವನ ಕೈಬೆರಳುಗಳನ್ನು ಒಮ್ಮೆ ನೋಡಿ, ಹೊಳಪು ಏರಿಸದಿರಲೆಂದು ಅದರ ಗುಂಡಿಯ ಮೇಲೆ ಟೇಪು ಅಂಟಿಸಿದಳು. ಅಕ್ಕನ ಅಂದಾಜು ಸರಿಯಾಗಿತ್ತು. ಸ್ಟುಡಿಯೊದಲ್ಲಿ ಮೊದಲ ದಿನವೇ ಎಲ್ಲರೂ ಸಪ್ಪಗೆ ಕಂಡು ಅವನು ಟೇಪಿನ ತುದಿಯನ್ನು ಉಗುರಿನಲ್ಲಿ ಎಬ್ಬಿಸಿದ್ದ. ಕೆಲಸ ಹೋಗುತ್ತದೆಂಬ ಮಾಲೀಕನ ಮಾತು ನೆನಪಾಗಿ, ಮತ್ತೆ ಒತ್ತಿ ಅಂಟಿಸಿದ.

ಎರಡನೇ ಸಲ ಕೊಪ್ಪಕ್ಕೆ ಹೋದಾಗ ಸಣ್ಣತಾಯಮ್ಮ ಹೊಸದಾಗಿ ಪ್ರಿಂಟ್ ಹಾಕಿಸಿದ ಆಲ್ಬಂ ಬಿಡಿಸಿ, ತಾನಿದ್ದ ಪುಟವನ್ನು ಮತ್ತೆ ಬೆಳಕಿಗೆ ಹಿಡಿದಳು. ಬೆರಳಿನಿಂದ ಪುಟ ಸವರಿ, ಪಕ್ಕದಲ್ಲಿದ್ದ ಮೊಮ್ಮಗಳ ಕಡೆ ತಿರುಗಿದಳು.

"ಈಗ್ ಬಂದೆ ನೋಡು. ಸೀರೆ ಅಂಚೂ ಬಂದದೆ. ಕಪ್ಪಗಿದ್ರೂ ಲಕ್ಸಣವಾಗಿವ್ನಿ ಕಣಮ್ಮ, ನಯನ."

ಶಿವರಾಜು ಬೈಕು ಶುರು ಮಾಡಿ, ಸೀಟಿನಲ್ಲಿ ಮುಂದೆ ಸರಿದು, "ಕೂತ್ಕೊಳ್ಲಾ, ನಾಳೆ ಬೇಗ ಬಾ, ಇನ್ನೆರಡು ಆಲ್ಬಂ ಅವೆ," ಎಂದ.

ಆ ಪುಟದ ಇನ್ನೊಂದು ಪ್ರಿಂಟು ಹಿಡಿದುಕೊಂಡು ಯತೀಶ ಭಾನುವಾರ ಮಂಡ್ಯಕ್ಕೆ ಹೋದ. ಅಕ್ಕ ಹೊಗಳುತ್ತಾಳೆಂದು ಆಸೆ. ಅವಳು ಅದನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಎಣಿಸಿದಳು.

"ಮುಖ, ಸೀರೆ, ಅಂಚು, ಇಂದ್ಲ ಪರ್ದೆ. ನಾಲ್ಕೂ ಅವೆ. ಸರಿ, ಓಗ್ಬಾ."

ಪ್ರಿಂಟನ್ನು ಮಾತ್ರ ವಾಪಸು ಕೊಡಲಿಲ್ಲ. ಬೆಲ್ಲದ ಫೋಟೊದ ಜೊತೆ ಡ್ರಾಯರಿಗೆ ಸೇರಿಸಿ, ಝಗಮಗಿಸುವ ಮಾನಿಟರಿಗೆ ಕೈ ತೋರಿಸುತ್ತ ನಿಂತಿದ್ದ ಮುಂದಿನ ಗಿರಾಕಿಯ ಕಡೆ ತಿರುಗಿದಳು.